ಲಿನಕ್ಸ್ ಹಾಕಿದ ಮೇಲೆ ಟಚ್‌ಪ್ಯಾಡ್‌ನಲ್ಲಿ ರೈಟ್ ಕ್ಲಿಕ್ ಇಲ್ಲ, ಎಲ್ಲೆಲ್ಲೋ ಪೇಸ್ಟ್ ಆಗುತ್ತದೆ

ಪೇಟೆ_ಡಿಟಿಪಿ:

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮನೆಯಲ್ಲೂ ಸ್ವಲ್ಪ ಕೆಲಸ ಮಾಡೋಣ ಅಂತ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ವಿಂಡೋಸ್ ತೀರಾ ನಿಧಾನ ಇತ್ತು. ತಮ್ಮ ಬಂದು ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕಿಕೊಟ್ಟ, ಗ್ನೋಮ್ ಡೆಸ್ಕ್‌ಟಾಪ್. ಈಗ ಚೆನ್ನಾಗಿ ಓಡುತ್ತದೆ. ತೊಂದರೆ ಇರುವುದು ಟಚ್‌ಪ್ಯಾಡ್‌ನಲ್ಲಿ.

ಇದಕ್ಕೆ ಬೇರೆ ಬಟನ್ ಇಲ್ಲ, ಪ್ಯಾಡನ್ನೇ ಒತ್ತಬೇಕು. ಬಲ ಮೂಲೆ ಒತ್ತಿದರೆ ರೈಟ್ ಕ್ಲಿಕ್ ಬರಬೇಕು ಅಲ್ವಾ? ಅಲ್ಲೂ ಲೆಫ್ಟ್ ಕ್ಲಿಕ್ಕೇ ಆಗುತ್ತದೆ. ವಿಂಡೋಸ್ ಇದ್ದಾಗ ಸರಿ ಇತ್ತು.

ಇನ್ನೊಂದು ಇದಕ್ಕಿಂತ ತಲೆನೋವು. ಲಿಬ್ರೆಆಫೀಸ್‌ನಲ್ಲಿ ಪೇಜ್ ಮೇಲೆ ಕೆಳಗೆ ಮಾಡುವಾಗ, ನಾನು ಕಾಪಿಯೇ ಮಾಡದ ಸಾಲು ಎಲ್ಲೋ ಹೋಗಿ ಕೂರುತ್ತದೆ. ಮೊನ್ನೆ ಒಂದು ಲಗ್ನಪತ್ರಿಕೆಯಲ್ಲಿ "ಆಶೀರ್ವಾದವೇ ಉಡುಗೊರೆ" ಅನ್ನುವುದು ವರನ ಅಜ್ಜನ ಹೆಸರಿನ ನಡುವೆ ಕೂತಿತ್ತು. ಪ್ರೂಫ್‌ನಲ್ಲಿ ಸಿಕ್ಕಿತು, ಪುಣ್ಯ.

ಈಚೆಗೆ ಎಡಗಡೆ ಒತ್ತುವುದೂ ಗಟ್ಟಿಯಾಗಿದೆ. ಕೆಲವು ಸಲ ಬೆರಳು ತೆಗೆದರೂ ಒತ್ತಿ ಹಿಡಿದಂತೆ ಐಕಾನ್ ಕರ್ಸರ್ ಹಿಂದೆಯೇ ಬರುತ್ತದೆ. ಅಂಗಡಿಯವರನ್ನು ಕೇಳಿದರೆ "ಲಿನಕ್ಸ್ ಹಾಕಿದ್ರೆ ಹಿಂಗೇ ಮೇಡಂ, ವಿಂಡೋಸ್ ವಾಪಸ್ ಹಾಕ್ಸಿ" ಅಂತಾರೆ. ನಿಜಾನಾ?

ಜಯನಗರ_4ನೇ_ಬ್ಲಾಕ್:

ಒಂದು ಯುಎಸ್‌ಬಿ ಮೌಸ್ ತಗೊಂಡುಬಿಡಿ, ನೆಮ್ಮದಿ. ಡಿಟಿಪಿ ಕೆಲಸವನ್ನು ಟಚ್‌ಪ್ಯಾಡ್‌ನಲ್ಲಿ ಯಾರು ಮಾಡುತ್ತಾರೆ? ಅದೇ ಬೇಕು ಅಂದರೆ ಎಕ್ಸ್‌ಇನ್‌ಪುಟ್ ಅನ್ನೋ ಕಮಾಂಡ್‌ನಲ್ಲಿ ಬಟನ್ ನಂಬರ್ ಅದಲು ಬದಲು ಮಾಡಬಹುದು.

ರಿಪೇರಿ_ಅಣ್ಣ:

ಜಯನಗರದವರೇ, ಎಕ್ಸ್‌ಇನ್‌ಪುಟ್ ಕಾಲ ಹೋಯ್ತು. ಡೆಬಿಯನ್ 12ರ ಗ್ನೋಮ್ ಮಾಮೂಲಾಗಿ ವೇಲ್ಯಾಂಡ್ ಅನ್ನೋ ಹೊಸ ಡಿಸ್‌ಪ್ಲೇ ವ್ಯವಸ್ಥೆಯಲ್ಲಿ ಓಡುತ್ತದೆ, ಅಲ್ಲಿ ಅದರ ಆಟ ನಡೆಯಲ್ಲ.

ಮೇಡಂ, ನಿಮ್ಮ ಮೂರು ತೊಂದರೆಗಳಲ್ಲಿ ಎರಡು ಸೆಟ್ಟಿಂಗ್, ಒಂದು ಸ್ಕ್ರೂಡ್ರೈವರ್ ಕೆಲಸ. ಅಂಗಡಿಯವರು ಮೂರನ್ನೂ ಲಿನಕ್ಸ್ ತಲೆಗೆ ಕಟ್ಟಿದ್ದಾರೆ.

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ಟಚ್‌ಪ್ಯಾಡ್ ಅಂತ ಯಾರೇ ಬಂದರೂ ಮೊದಲು ಸೆಟ್ಟಿಂಗ್ ಮುಟ್ಟಲ್ಲ. ಬೆರಳು ಒತ್ತಿದ್ದು ಒಳಗೆ ಏನಂತ ತಲುಪುತ್ತಿದೆ, ಅದನ್ನು ನೋಡುತ್ತೇನೆ. ಟಚ್‌ಪ್ಯಾಡ್, ಮೌಸ್ ಹೇಳಿದ್ದನ್ನು ಡೆಸ್ಕ್‌ಟಾಪ್‌ಗೆ ಮುಟ್ಟಿಸುವ ಭಾಗಕ್ಕೆ ಲಿಬ್‌ಇನ್‌ಪುಟ್ ಅಂತಾರೆ. ಅದರ ಲಿಬ್‌ಇನ್‌ಪುಟ್-ಟೂಲ್ಸ್ ಅನ್ನೋ ಪ್ಯಾಕೇಜ್ ಹಾಕಿ, ಟರ್ಮಿನಲ್‌ನಲ್ಲಿ ಸುಡೊ (ಅಡ್ಮಿನ್ ಅನುಮತಿ) ಕೊಟ್ಟು 'ಲಿಬ್‌ಇನ್‌ಪುಟ್ ಡೀಬಗ್-ಇವೆಂಟ್ಸ್' ಓಡಿಸಿ. ಬೆರಳಾಡಿಸಿದರೆ ಸಾಲು ಸಾಲಾಗಿ ಸುರಿಯುತ್ತದೆ, ಗಾಬರಿ ಬೇಡ. ಪ್ಯಾಡ್ ಒತ್ತಿದಾಗ ಬರುವ ಸಾಲಿನಲ್ಲಿ ಒಂದು ನಂಬರ್ ಇರುತ್ತದೆ. 272 ಲೆಫ್ಟ್, 273 ರೈಟ್, 274 ನಡುವಿನ ಬಟನ್.

ಮಜಾ ಇರುವುದು ಇಲ್ಲಿ. ಈ ಕಮಾಂಡ್ ಗ್ನೋಮ್ ಸೆಟ್ಟಿಂಗ್ ಕಡೆ ತಿರುಗಿಯೂ ನೋಡಲ್ಲ, ಲಿಬ್‌ಇನ್‌ಪುಟ್‌ನ ಸ್ವಂತ ಡೀಫಾಲ್ಟ್‌ನಲ್ಲಿ ಓಡುತ್ತದೆ. ಬಟನ್ ಇಲ್ಲದ ಪ್ಯಾಡ್‌ಗೆ, ಆಪಲ್‌ನವು ಬಿಟ್ಟರೆ, ಆ ಡೀಫಾಲ್ಟ್ ಪ್ರಕಾರ ಕೆಳಗಿನ ಬಲ ಮೂಲೆ ಅಂದರೆ ರೈಟ್ ಕ್ಲಿಕ್. ಹಾಗಾಗಿ ಮೂಲೆ ಒತ್ತಿದಾಗ ಇಲ್ಲಿ 273 ಬಂದು, ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಲೆಫ್ಟ್ ಆದರೆ, ಪ್ಯಾಡೂ ಸರಿ ಇದೆ, ಕರ್ನಲ್ಲೂ (ಲಿನಕ್ಸ್‌ನ ತಿರುಳು) ಸರಿ ಇದೆ. ತಕರಾರು ಗ್ನೋಮ್‌ನದು. 2018ರಲ್ಲಿ ಬಂದ 3.28 ವರ್ಷನ್‌ನಿಂದ ಅದು ಮೂಲೆ ಲೆಕ್ಕ ಬಿಟ್ಟು ಬೆರಳಿನ ಲೆಕ್ಕ ಹಿಡಿದಿದೆ. ಒಂದು ಬೆರಳಿಟ್ಟು ಒತ್ತಿದರೆ ಲೆಫ್ಟ್, ಎರಡಿಟ್ಟರೆ ರೈಟ್, ಮೂರಿಟ್ಟರೆ ನಡುವಿನದು. ಎಲ್ಲಿ ಒತ್ತಿದಿರಿ ಅಂತ ಕೇಳುವುದೇ ಇಲ್ಲ. ನನಗೆ ಕೇಳಿದರೆ ಎರಡು ಬೆರಳೇ ಸುಲಭ, ಆದರೆ ವರ್ಷಗಟ್ಟಲೆ ಮೂಲೆ ಒತ್ತಿದ ಕೈ ಕೇಳಬೇಕಲ್ಲ.

ಮೂಲೆಯೇ ಬೇಕು ಅಂದರೆ ಗ್ನೋಮ್ ಟ್ವೀಕ್ಸ್ ಅನ್ನೋ ಆ್ಯಪ್ ಹಾಕಿ. ಕೀಬೋರ್ಡ್ ಮತ್ತು ಮೌಸ್ ಭಾಗದಲ್ಲಿ 'ಮೌಸ್ ಕ್ಲಿಕ್ ಎಮ್ಯುಲೇಷನ್' ಇದೆ, ಫಿಂಗರ್ಸ್ ಬಿಟ್ಟು ಏರಿಯಾ ಆರಿಸಿ. ಗ್ನೋಮ್ 46ರಿಂದ ಇದು ಮಾಮೂಲಿ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ನಿಮ್ಮದು 43.

ಇನ್ನು ಪೇಸ್ಟ್ ವಿಷಯ. ಲಿನಕ್ಸ್‌ನಲ್ಲಿ ಕಾಪಿ ಮಾಡಲೇಬೇಕು ಅಂತಿಲ್ಲ. ಬರೀ ಸೆಲೆಕ್ಟ್ ಮಾಡಿದ ಸಾಲೂ ಒಂದು ಕಡೆ ನೆನಪಿರುತ್ತದೆ, ನಡುವಿನ ಬಟನ್ ಒತ್ತಿದರೆ ಬಂದು ಬೀಳುತ್ತದೆ. ಹಳೇ ಯೂನಿಕ್ಸ್ ಮಂದಿಗೆ ಇದು ಪ್ರಾಣ. 'ಟ್ಯಾಪ್ ಟು ಕ್ಲಿಕ್' ಆನ್ ಇದ್ದರೆ ಮೂರು ಬೆರಳಿನಲ್ಲಿ ತಟ್ಟುವುದೂ ನಡುವಿನ ಬಟನ್ನೇ. ಸ್ಕ್ರೋಲ್‌ಗೆ ಅಂತ ಎರಡು ಬೆರಳಿಡುವಾಗ ಉಂಗುರದ ಬೆರಳೂ ಸುಮ್ನೆ ತಾಗಿ ಎದ್ದರೆ ಮುಗೀತು, ಅಜ್ಜನ ಹೆಸರಲ್ಲಿ ಉಡುಗೊರೆ. ಟ್ವೀಕ್ಸ್‌ನಲ್ಲೇ 'ಮಿಡಲ್ ಕ್ಲಿಕ್ ಪೇಸ್ಟ್' ಆಫ್ ಮಾಡಿ. ಲಿಬ್ರೆಆಫೀಸ್‌ಗೆ ತನ್ನದೇ ಸೆಟ್ಟಿಂಗ್ ಇದೆ. ಟೂಲ್ಸ್, ಆಪ್ಷನ್ಸ್, ವ್ಯೂ ಒಳಗೆ ಹೋಗಿ ಮಿಡಲ್ ಬಟನ್‌ಗೆ 'ನೋ ಫಂಕ್ಷನ್' ಕೊಡಿ.

ಗಟ್ಟಿಯಾಗಿರುವುದು ನನಗೆ ಸರಿ ಕಾಣುತ್ತಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ಮುಚ್ಚಿ, ಸಮ ಇರುವ ಟೇಬಲ್ ಮೇಲಿಡಿ. ಅಲ್ಲಾಡುತ್ತದಾ? ಪ್ಯಾಡಿನ ಒಂದು ಅಂಚು ಮೇಲೆ ಎದ್ದಿದೆಯಾ? ಎಷ್ಟೋ ಮಾಡೆಲ್‌ಗಳಲ್ಲಿ ಬ್ಯಾಟರಿ ಪ್ಯಾಡಿನ ಕೆಳಗೇ ಇರುತ್ತದೆ. ಅದು ಉಬ್ಬಿದರೆ ಕೆಳಗಿಂದ ತಳ್ಳುತ್ತದೆ, ಪ್ಯಾಡ್ ಇಳಿಯಲು ಜಾಗವೇ ಇರಲ್ಲ. ನೋಡಿ ಹೇಳುವವರೆಗೂ ಚಾರ್ಜ್‌ಗೆ ಹಾಕಬೇಡಿ.

ಪೇಟೆ_ಡಿಟಿಪಿ:

ತುಂಬಾ ಥ್ಯಾಂಕ್ಸ್ ಅಣ್ಣ. ಮೂಲೆ ಒತ್ತಿದರೆ 273 ಬಂತು! ಏರಿಯಾ ಅಂತ ಬದಲಾಯಿಸಿದೆ, ರೈಟ್ ಕ್ಲಿಕ್ ತಕ್ಷಣ ಬಂತು. ಪೇಸ್ಟ್ ಎರಡೂ ಕಡೆ ಆಫ್ ಮಾಡಿದ್ದೇನೆ.

ಬ್ಯಾಟರಿ ನೀವು ಹೇಳಿದ ಹಾಗೇ ಇದೆ. ಟೇಬಲ್ ಮೇಲೆ ನೆಟ್ಟಗೆ ಕೂರಲ್ಲ. ಪ್ಯಾಡಿನ ಎಡ ಅಂಚು 300 ಜಿಎಸ್‌ಎಂ ದಪ್ಪ ಕಾರ್ಡ್ ಎರಡು ಜೋಡಿಸಿದಷ್ಟು ಮೇಲೆದ್ದಿದೆ. ಬ್ಯಾಟರಿ ತೆಗೆಸಿ ಬರೀ ಚಾರ್ಜರ್‌ನಲ್ಲಿ ಓಡಿಸಬಹುದಾ? ಒಂದು ಮದುವೆ ಕಾರ್ಡ್ ಅರ್ಧಕ್ಕೆ ನಿಂತಿದೆ.

ರಿಪೇರಿ_ಅಣ್ಣ:

ಬಹಳ ಮಾಡೆಲ್ ಓಡುತ್ತವೆ, ಕೆಲವು ಓಡಲ್ಲ. ಓಡಿದರೂ ಕರೆಂಟ್ ಹೋದ ಕ್ಷಣಕ್ಕೆ ಆಫ್, ಆಗಾಗ ಸೇವ್ ಮಾಡುತ್ತಿರಿ. ನೀವೇ ಬಿಚ್ಚಲು ಹೋಗಬೇಡಿ. ಉಬ್ಬಿದ್ದಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಂಕಿ ಹತ್ತಬಹುದು. ತೆಗೆಸಿದ್ದನ್ನು ಬೆಳಗಿನ ಕಸದ ಗಾಡಿಗೆ ಹಾಕದೆ ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ.

ಹೊಸ ಬ್ಯಾಟರಿ ಬಂದ ಮೇಲೂ ಒಂದು ಸಲ ಒತ್ತಿದ್ದಕ್ಕೆ ಎರಡು ಕ್ಲಿಕ್ ಬಂದರೆ ಒಳಗಿನ ಸ್ವಿಚ್ ಸವೆದಿದೆ ಅಂತ. ಅದನ್ನು ನೋಡಲು ಇವಿಟೆಸ್ಟ್ ಅನ್ನೋ ಟೂಲ್ ಹಾಕಿ, ಕರ್ನಲ್‌ಗೆ ಬಂದದ್ದನ್ನು ಅದು ಹಾಗೇ ತೋರಿಸುತ್ತದೆ. ಅದರ ಸಾಲುಗಳನ್ನು ಇಲ್ಲಿ ಹಾಕಿ, ನೋಡೋಣ.