ಲಾರಿ ಬಾಡಿಗೆ ಒಂದೇ ಖರ್ಚಲ್ಲ ಅಕ್ಕಾ

ಅಕ್ಕಾ, ನಿನ್ನ ಮೆಸೇಜು ಈಗಷ್ಟೇ ನೋಡ್ದೆ. ಮುಂದಿನ ತಿಂಗಳು ಮನೆ ಶಿಫ್ಟ್ ಮಾಡ್ತಿದೀವಿ, ಪ್ಯಾಕರ್ಸ್ ನವ್ರು ಫೋನಲ್ಲೇ ಒಂದು ರೇಟು ಹೇಳಿದಾರೆ, ಅಷ್ಟು ಎತ್ತಿಟ್ಕೊಂಡ್ರೆ ಸಾಕಾ ಅಂತ ಕೇಳಿದೀಯಲ್ಲ, ಸಾಕಾಗಲ್ಲ ಅಕ್ಕ. ಸ್ವಲ್ಪ ಉದ್ದ ಆಗುತ್ತೆ, ಕೆಲಸ ಎಲ್ಲ ಮುಗಿಸ್ಕೊಂಡು ನಿಧಾನಕ್ಕೆ ಕೇಳು, ಭಾವಂಗೂ ಕೇಳಿಸು.

ಮೊದಲು ದುಡ್ಡಿನ ವಿಷಯ. ಎಲ್ರೂ ಒಟ್ಟು ಎಷ್ಟಾಗುತ್ತೆ ಅಂತ ಲೆಕ್ಕ ಹಾಕ್ತಾರೆ, ಯಾವತ್ತು ಎಷ್ಟು ಬೇಕು ಅಂತ ಯಾರೂ ಹಾಕಲ್ಲ, ಕೈ ಕಟ್ಟಿಹಾಕೋದೇ ಅದು. ಹೊಸ ಮನೆ ಅಡ್ವಾನ್ಸ್ ಕೀ ಸಿಗೋಕ್ಕೆ ಮುಂಚೆನೇ ಕೊಡ್ಬೇಕು, ಹಳೇ ಮನೆ ಅಡ್ವಾನ್ಸ್ ವಾಪಸ್ ಬರೋದು ನೀವು ಪೂರ್ತಿ ಖಾಲಿ ಮಾಡಿ, ಓನರ್ ಬಂದು ಗೋಡೆ ಬಾಗಿಲು ಎಲ್ಲ ನೋಡಿ, ಪೇಂಟಿಂಗು ಕರೆಂಟ್ ಬಿಲ್ಲು ಅಂತ ಕಳೆದು, ಆಮೇಲೆ. ಅಷ್ಟು ದಿನ ಎರಡೂ ಕಡೆ ನಿಮ್ ದುಡ್ಡೇ ಕೂತಿರುತ್ತೆ, ಅದ್ರ ಮೇಲೆ ಒಂದು ವಾರನೋ ಹತ್ತು ದಿನನೋ ಎರಡು ಮನೆ ಬಾಡಿಗೆ ಒಟ್ಟಿಗೆ ಓಡುತ್ತೆ. ಅದಕ್ಕೆ ಒಂದು ಹಾಳೆ ತಗೊಂಡು ತಾರೀಖಿನ ಪ್ರಕಾರ ಬರಿ, ಯಾವತ್ತು, ಯಾರಿಗೆ, ಎಷ್ಟು, ಕೊಟ್ಟ ಮೇಲೆ ಕೈಯಲ್ಲಿ ಎಷ್ಟು ಉಳೀತು. ಆ ಕೊನೇ ಕಾಲಮ್ಮಲ್ಲಿ ಯಾವ ದಿನ ದುಡ್ಡು ಸಾಲಲ್ಲ ಅಂತ ಬರುತ್ತೋ ಆ ದಿನಕ್ಕೆ ಈಗ್ಲೇ ದಾರಿ ನೋಡ್ಕೋಬೇಕು, ಆ ದಿನ ಬಂದಾಗ ಅಲ್ಲ. ಹಳೇ ಅಡ್ವಾನ್ಸು ಬರುತ್ತಲ್ಲ ಅಂತ ಮಾತ್ರ ಲೆಕ್ಕಕ್ಕೆ ಹಿಡೀಬೇಡ ಅಕ್ಕ, ದಯವಿಟ್ಟು. ಅದು ಬಂದಾಗ ಬರ್ಲಿ. ಆಮೇಲೆ ಒಟ್ಟು ಮೊತ್ತದ ಮೇಲೆ ಇನ್ನೊಂದು 10ರಿಂದ 15 ಪರ್ಸೆಂಟ್ ಬೇರೆ ಇಟ್ಕೊಂಡಿರು, ಏನಾದ್ರೂ ಒಂದು ಬಂದೇ ಬರುತ್ತೆ.

ಇನ್ನು ಫೋನಲ್ಲಿ ಹೇಳಿದ ರೇಟು. ನಾವು ಹೋದ್ ಸಲ ಹಿಂಗೇ ಮಾಡಿದ್ವಿ, ಎರಡು ಬೆಡ್ರೂಮ್ ಮನೆ ಅಂದ್ವಿ, ಅವರೊಂದು ರೇಟು ಅಂದ್ರು, ಆಯ್ತು ಅಂದ್ವಿ. ಶಿಫ್ಟಿಂಗ್ ದಿನ ಬಂದು ಸಾಮಾನು ಜಾಸ್ತಿ ಇದೆ, ಲಿಫ್ಟಲ್ಲಿ ಬೀರು ಹಿಡ್ಸಲ್ಲ, ಗೇಟ್ ತನಕ ಲಾರಿ ಬರಲ್ಲ ಅಂತ ಒಂದೊಂದಕ್ಕೂ ಬೇರೆ ಬೇರೆ ಕೇಳಿದ್ರು, ಅರ್ಧ ಸಾಮಾನು ಆಗ್ಲೇ ಲಾರಿಲಿ ಇದೆ, ಏನ್ ಮಾಡೋದು, ಕೊಟ್ವಿ. ಅಮ್ಮ ಆವತ್ತು ಎಷ್ಟು ಬೇಜಾರು ಮಾಡ್ಕೊಂಡ್ರು ಅಂತ ನಿಂಗೆ ಗೊತ್ತಲ್ಲ. ಅದಕ್ಕೆ ಕಡಿಮೆ ಅಂದ್ರೂ 3 ಜನರ ಹತ್ರ ಕೇಳು, ಮನೆಗೇ ಬಂದು ನೋಡಿ ಹೇಳಿ ಅನ್ನು, ಬರೋಕೆ ಆಗಲ್ಲ ಅಂದ್ರೆ ವಿಡಿಯೋ ಕಾಲಲ್ಲಿ ಅಟ್ಟ, ಬಾಲ್ಕನಿ, ಮಂಚದ ಕೆಳಗೆ ಎಲ್ಲ ತೋರ್ಸು, ಅಟ್ಟದ ಸಾಮಾನು ಎಲ್ರೂ ಮರೀತಾರೆ. ಎಷ್ಟನೇ ಫ್ಲೋರು, ಲಿಫ್ಟ್ ಇದ್ಯಾ, ಲಾರಿ ನಿಲ್ಲೋ ಜಾಗದಿಂದ ಬಾಗಿಲಿಗೆ ಎಷ್ಟು ದೂರ, ಎರಡೂ ಮನೇದು ಹೇಳು. ಮಂಚ ಬಿಚ್ಚಿ ಜೋಡ್ಸೋದು, ಡಬ್ಬ ಬಿಚ್ಚೋದು, ಟೋಲು, ಟ್ಯಾಕ್ಸು, ಇನ್ಶೂರೆನ್ಸು, ಇದೆಲ್ಲ ರೇಟಲ್ಲಿ ಸೇರಿದ್ಯಾ ಇಲ್ವಾ ಅಂತ ಬರೆದು ಕಳ್ಸೋಕೆ ಹೇಳು, ಬಾಯಿ ಮಾತಲ್ಲಿ ಬೇಡ. ತಿಂಗಳ ಕೊನೆ ಮತ್ತೆ ಶನಿವಾರ ಭಾನುವಾರ ಎಲ್ರೂ ಶಿಫ್ಟ್ ಮಾಡೋ ಟೈಮು, ಭಾವಂಗೆ ರಜೆ ಸಿಗೋದಾದ್ರೆ ವಾರದ ಮಧ್ಯ ಇಟ್ಕೊಳ್ಳಿ, ರೇಟೂ ಕಮ್ಮಿ ಮಾಡಿ ಅಂತ ಕೇಳ್ಬಹುದು, ಜನಾನೂ ಗಡಿಬಿಡಿ ಇಲ್ದೆ ಕೆಲಸ ಮಾಡ್ತಾರೆ.

ಮತ್ತೆ ಪ್ಯಾಕರ್ಸ್ ನವ್ರು ದುಡ್ಡು ತಗೊಳೋದು ಹೆಚ್ಚಾಗಿ ಸಾಮಾನು ಎಷ್ಟು ಜಾಗ ಹಿಡಿಯುತ್ತೆ ಅನ್ನೋದ್ರ ಮೇಲೆ. ಆ ಹಳೇ ಸೋಫಾ ಹೊಸ ಮನೆಗೆ ಹೋದ್ಮೇಲೆ ಕೊಡೋಣ ಅಂತಿದ್ಯಲ್ಲ, ಬೇಡ, ಇಲ್ಲೇ ಕೊಟ್ಬಿಡು, ಕೊಡೋ ಸಾಮಾನು ಹೊರೋಕೆ ಯಾಕೆ ದುಡ್ಡು. ಕೊಡೋದೆಲ್ಲ ಕೊಟ್ಟ ಮೇಲೇ ರೇಟ್ ಕೇಳು, ಮುಂಚೆ ಅಲ್ಲ. ಹೊಸ ಮನೆ ಬಾಗಿಲು, ಮೆಟ್ಟಿಲು ತಿರುವು, ಫ್ರಿಡ್ಜ್ ಇಡೋ ಜಾಗ ಟೇಪ್ ಹಿಡಿದು ಅಳೆದು ಬಾ, ದೊಡ್ಡ ಬೀರು ಒಳಗೇ ಹೋಗಲ್ಲ ಅಂದ್ರೆ ಈಗ್ಲೇ ಗೊತ್ತಾಗ್ಲಿ.

ಪ್ಯಾಕಿಂಗು ನೀನೇ ಸ್ವಲ್ಪ ಮಾಡೋದಾದ್ರೆ, ಪುಸ್ತಕ ಚಿಕ್ಕ ಡಬ್ಬಕ್ಕೆ, ದಿಂಬು ಬೆಡ್‌ಶೀಟು ದೊಡ್ಡ ಡಬ್ಬಕ್ಕೆ. ಪುಸ್ತಕ ದೊಡ್ಡದಕ್ಕೆ ತುಂಬಿದ್ರೆ ಎತ್ತೋಕೂ ಆಗಲ್ಲ, ತಳಾನೂ ಕಿತ್ತೋಗುತ್ತೆ. ಡಬ್ಬದ ಮೇಲ್ಗಡೆ ಬರೀಬೇಡ, ಒಂದರ ಮೇಲೊಂದು ಇಟ್ರೆ ಕಾಣಲ್ಲ, ಪಕ್ಕದಲ್ಲಿ ಬರಿ, ಯಾವ ರೂಮಿಗೆ ಹೋಗ್ಬೇಕು ಅಂತ. ಮಂಚದ ನಟ್ಟು ಬೋಲ್ಟು ಒಂದು ಕವರಿಗೆ ಹಾಕಿ ಆ ಮಂಚಕ್ಕೇ ಟೇಪ್ ಸುತ್ಬಿಡು. ಟೀವಿ ಹಿಂದಿನ ವೈರು ಕೀಳೋಕ್ಕೆ ಮುಂಚೆ ಒಂದು ಫೋಟೋ ತೆಗೆದಿಟ್ಕೋ.

ಫ್ರಿಡ್ಜ್ ಹಿಂದಿನ ದಿನಾನೇ ಖಾಲಿ ಮಾಡಿ ಆಫ್ ಮಾಡು, ಐಸ್ ಕರಗಿ ಒರೆಸೋಕೆ ಟೈಮ್ ಬೇಕು, ನಿಂತ ಹಾಗೇ ಸಾಗಿಸ್ಬೇಕು. ಅಕಸ್ಮಾತ್ ಮಲಗಿಸಿದ್ರೆ ಹೊಸ ಮನೇಲಿ ತಕ್ಷಣ ಆನ್ ಮಾಡ್ಬೇಡಿ, ಕಂಪ್ರೆಸರ್ ಆಯಿಲ್ಲು ಪೈಪಿಗೆ ಹೋಗಿರಬಹುದು, 24 ಗಂಟೆ ನೆಟ್ಟಗೆ ನಿಲ್ಸಿ ಆಮೇಲೆ ಹಾಕಿ. ವಾಷಿಂಗ್ ಮಷೀನು ನಿಮ್ದು ಮುಂದೆ ಬಾಗಿಲಿರೋದಲ್ವಾ, ಕೊಂಡಾಗ ಹಿಂದ್ಗಡೆಯಿಂದ ಬಿಚ್ಚಿದ ಉದ್ದ ಬೋಲ್ಟುಗಳು ಎಲ್ಲಿವೆ ನೋಡು, ಅವನ್ನ ಹಾಕ್ದೆ ಸಾಗಿಸಿದ್ರೆ ಡ್ರಮ್ಮು ಒಳಗೇ ಬಡ್ಕೊಳುತ್ತೆ. ಹೊಸ ಮನೇಲಿ ಆ ಬೋಲ್ಟು ಬಿಚ್ಚಿದ ಮೇಲೇ ಮಷೀನು ಓಡಿಸಿ, ಮರೀಬೇಡಿ.

ಸೇರಿದ ಮೇಲಿನ ಖರ್ಚು ಯಾರೂ ಬರ್ಕೊಳಲ್ಲ, ಎಸಿ ಬಿಚ್ಚಿ ಹಾಕೋದು, ಗೀಸರ್ ಕೂರ್ಸೋದು, ಪ್ಲಂಬರ್, ಕರ್ಟನ್ ರಾಡು, ಬೀಗ ಬದಲಾಯ್ಸೋದು, ಇಂಟರ್ನೆಟ್ಟು. ಚಿಕ್ಕಚಿಕ್ಕದೇ, ಎಲ್ಲ ಮೊದಲನೇ ವಾರದಲ್ಲೇ ಬರುತ್ತೆ. ಹೊಸ ಫರ್ನಿಚರ್ ಆಸೆ ಒಂದು ತಿಂಗಳು ಮುಂದಕ್ಕೆ ಹಾಕು ಅಕ್ಕ, ಆ ಮನೇಲಿ ಇದ್ದು ನೋಡಿದ್ಮೇಲೆ ಏನು ಬೇಕು ಅಂತ ಸರಿಯಾಗಿ ಗೊತ್ತಾಗುತ್ತೆ.

ಮನೆ ಪತ್ರ, ಮಕ್ಕಳ ಸರ್ಟಿಫಿಕೇಟು, ಒಡವೆ, ಮಾವನ ಮಾತ್ರೆ ಲಾರಿಗೆ ಬೇಡ, ನಿಮ್ ಜೊತೆ ಬ್ಯಾಗಲ್ಲೇ ಇರ್ಲಿ. ಹಳೇ ಮನೆ ಖಾಲಿ ಆದ್ಮೇಲೆ ಪ್ರತಿ ರೂಮು ವಿಡಿಯೋ ಮಾಡು, ಮೀಟರ್ ಫೋಟೋ ತೆಗಿ, ಕೀ ಕೊಟ್ಟಿದ್ದನ್ನ ಓನರ್‌ಗೆ ಮೆಸೇಜಲ್ಲೇ ತಿಳ್ಸು, ಅಡ್ವಾನ್ಸ್ ಕೇಳುವಾಗ ಅದೇ ನಿಮ್ ಕೈಯಲ್ಲಿರೋದು.

ತಾರೀಖಿನ ಹಾಳೆ ಇವತ್ತು ಬರೆದು ಫೋಟೋ ಕಳ್ಸು, ಭಾನುವಾರ ಕೂತ್ಕೊಂಡು ನೋಡೋಣ. ಶಿಫ್ಟಿಂಗ್ ಹಿಂದಿನ ದಿನ ನಾನು ಬೆಳಿಗ್ಗೆನೇ ಬರ್ತೀನಿ, ಅಡುಗೆಮನೆ ಪೂರ್ತಿ ನಂಗೆ ಬಿಡು, ನೀನು ಮಾವನ್ನ ನೋಡ್ಕೋ ಸಾಕು.