2,499 ರೂಪಾಯಿಯ ಪಟ್ಟಿ, ತಿಪಟೂರಿನ ಕೊಬ್ಬರಿ

ನಮ್ಮಪ್ಪನ ಕಡೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಹೆಸರು ತೆಗೆದಿದ್ದೇನೆ. ನನ್ನ ಫೋನಿನಲ್ಲಿ ಯಾರು ಹೇಗೆ ಸೇವ್ ಆಗಿದ್ದಾರೋ ಹಾಗೇ ಬಿಟ್ಟಿದ್ದೇನೆ. ನಡುವಿನ ಗುಡ್ ಮಾರ್ನಿಂಗ್ ಹೂವುಗಳನ್ನೂ ತೆಗೆದಿದ್ದೇನೆ.

ಗುಬ್ಬಿ ಮಾವ: (ಹಲವು ಬಾರಿ ಫಾರ್ವರ್ಡ್ ಆದದ್ದು) ಸ್ವಂತ ಉದ್ಯಮ ಮಾಡುವವರಿಗೆ ಸುವರ್ಣಾವಕಾಶ!! 101 ಸರ್ಕಾರಿ ಯೋಜನೆಗಳ ಪಟ್ಟಿ, ಪ್ರಾಜೆಕ್ಟ್ ರಿಪೋರ್ಟ್, ಉದ್ಯಮ್ ಸರ್ಟಿಫಿಕೇಟ್. ಮುದ್ರಾ ಸಾಲ 20 ಲಕ್ಷ ಗ್ಯಾರಂಟಿ. ಉದ್ಯೋಗಿನಿಯಲ್ಲಿ ದೇಶದ ಎಲ್ಲ ಮಹಿಳೆಯರಿಗೆ 3 ಲಕ್ಷ ಬಡ್ಡಿ ಇಲ್ಲದೆ. ಎಲ್ಲ ಸೇರಿ ಕೇವಲ 2,499. ಇಂದೇ ಕೊನೆಯ ದಿನ.

ತಿಪಟೂರು ಚಿಕ್ಕಮ್ಮ: ಒಳ್ಳೆ ಟೈಮಿಗೆ ಹಾಕಿದಿರಿ ಅಣ್ಣ. ಕೊಬ್ಬರಿ ಎಣ್ಣೆ ಗಾಣ ಹಾಕೋಣ ಅಂತ ಮನೆಯಲ್ಲಿ ಮಾತು ನಡೀತಾನೇ ಇದೆ. ದುಡ್ಡು ಕಟ್ಟಿಬಿಡಲಾ?

ನಾನು: ಚಿಕ್ಕಮ್ಮ, ತಡೀರಿ. ಉದ್ಯಮ್ ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಅದಕ್ಕೆ ಒಂದು ರೂಪಾಯಿಯೂ ಇಲ್ಲ. 2020ರ ಜುಲೈ 1ರಿಂದ ಅದು ಪೂರ್ತಿ ಉಚಿತ. ಆಧಾರ್, ಪ್ಯಾನ್ ಇಟ್ಟುಕೊಂಡು ಕೂತರೆ ಮನೆಯಲ್ಲೇ ಆಗುತ್ತದೆ. ಸರ್ಕಾರದ ಸೈಟ್ ಆದರೆ ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇರುತ್ತದೆ. ಅದೇ ಹೆಸರು, ಅದೇ ಬಣ್ಣ ಹಾಕಿಕೊಂಡು ದುಡ್ಡು ಕೀಳುವ ಸೈಟುಗಳು ಬೇಕಾದಷ್ಟಿವೆ. ನಾನು ಕೆಲಸ ಮಾಡುವ, ರಿಟರ್ನ್ಸ್ ಹಾಕಿಕೊಡುವ ಆಫೀಸಿಗೆ ಹಾಗೆ ಕಟ್ಟಿ ಬಂದವರು ಎಷ್ಟು ಜನವೋ.

ಗುಬ್ಬಿ ಮಾವ: ನಾನು ಒಳ್ಳೆಯದಾಗಲಿ ಅಂತ ಹಾಕಿದೆ ಪುಟ್ಟಿ. ನನಗೇನು ಕಮಿಷನ್ ಬರುತ್ತಾ?

ಬೆಂಗಳೂರು ಅಣ್ಣ: ಒಂದ್ನಿಮಿಷ. ಎಲ್ಲ ಉಚಿತ ಅಂತ ನೀನು ಹೇಳ್ತೀಯ. ಸರಿ. ಆದರೆ 101 ಕಡೆ ಹುಡುಕುವುದಕ್ಕೆ ಸಮಯ ಯಾರು ಕೊಡ್ತಾರೆ? ಯಾರೋ ಒಂದು ಕಡೆ ಜೋಡಿಸಿ ಕೊಟ್ಟರೆ 2,499 ಏನು ದೊಡ್ಡದು? ರಿಟರ್ನ್ಸ್ ಹಾಕಲು ನಿಮ್ಮ ಆಫೀಸಿಗೆ ಜನ ದುಡ್ಡು ಕೊಡಲ್ವಾ?

ಇದು ಸರಿಯಾದ ಪೆಟ್ಟು. ನಾನು ಉತ್ತರ ಬರೆಯುವಷ್ಟರಲ್ಲಿ ದೊಡ್ಡಪ್ಪ ‘ಟೈಪಿಂಗ್’ ಅಂತ ತೋರಿಸಿತು. ಬ್ಯಾಂಕಿನಿಂದ ರಿಟೈರ್ ಆದವರು, ಒಂದೇ ಬೆರಳಲ್ಲಿ ಟೈಪ್ ಮಾಡುವವರು. ಎಲ್ಲರೂ ಕಾದೆವು.

ದೊಡ್ಡಪ್ಪ: ಪಟ್ಟಿ ಜೋಡಿಸಿದ್ದರೆ ಸರಿ. ಇದರಲ್ಲಿ ಇರುವುದೇ ತಪ್ಪು. ಮುದ್ರಾ ಶುರುವಾಗಿದ್ದು 2015ರಲ್ಲಿ. ಶಿಶು 50 ಸಾವಿರದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. 20 ಲಕ್ಷ ಅನ್ನುವುದು 2024ರಲ್ಲಿ ಬಂದ ತರುಣ್ ಪ್ಲಸ್. ಅದು ತರುಣ್ ಸಾಲ ತೆಗೆದು ಸರಿಯಾಗಿ ತೀರಿಸಿದವರಿಗೆ ಮಾತ್ರ. ಮೊದಲ ಸಲ ಬರುವವರಿಗೆ ಯಾರೂ ಕೊಡುವುದಿಲ್ಲ. ಮುದ್ರಾದಲ್ಲಿ ಸಬ್ಸಿಡಿ ಇಲ್ಲ. ಏಜೆಂಟ್ ಇಲ್ಲ. ಬ್ಯಾಂಕಿಗೇ ಹೋಗಬೇಕು. ಗ್ಯಾರಂಟಿ ಅಂತ ಬರೆದವನು ಬ್ಯಾಂಕ್ ಮ್ಯಾನೇಜರ್ ಏನಲ್ಲವಲ್ಲ.

ದೊಡ್ಡಪ್ಪ: ಉದ್ಯೋಗಿನಿ ನಮ್ಮ ರಾಜ್ಯದ್ದು. ಮಹಿಳಾ ಅಭಿವೃದ್ಧಿ ನಿಗಮದ್ದು. ದೇಶಕ್ಕೆಲ್ಲ ಅಲ್ಲ. ಬಡ್ಡಿ ಇಲ್ಲದ್ದೂ ಅಲ್ಲ. 3 ಲಕ್ಷದವರೆಗಿನ ಬ್ಯಾಂಕ್ ಸಾಲಕ್ಕೆ ಸಬ್ಸಿಡಿ. ಪರಿಶಿಷ್ಟರಿಗೆ ಅರ್ಧ, ಉಳಿದವರಿಗೆ 30 ಪರ್ಸೆಂಟ್. ವಾರ್ಷಿಕ ಆದಾಯದ ಮಿತಿಯೂ ಇದೆ.

ಗುಬ್ಬಿ ಮಾವ: 😠😠

ತಿಪಟೂರು ಚಿಕ್ಕಮ್ಮ: ಹಾಗಾದ್ರೆ ನಾನು ಎಲ್ಲಿಗೆ ಹೋಗಲಿ ಭಾವ? ಒಂದು ಕಡೆ ಹೇಳಿ.

ನಾನು: ಆಹಾರದ ಘಟಕ ಆದರೆ ಪಿಎಂಎಫ್‌ಎಂಇ ನೋಡಿ ಚಿಕ್ಕಮ್ಮ. ಸಣ್ಣ ಆಹಾರ ಘಟಕಗಳಿಗೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ, ನಮ್ಮಲ್ಲಿ ಕೆಪೆಕ್ ಅನ್ನುವ ರಾಜ್ಯದ ನಿಗಮ ನಡೆಸುತ್ತದೆ. ಒಂದು ಜಿಲ್ಲೆ ಒಂದು ಉತ್ಪನ್ನದಲ್ಲಿ ತುಮಕೂರಿಗೆ ತೆಂಗನ್ನೇ ಕೊಟ್ಟಿದ್ದಾರೆ. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಮಾಡಿ, ಅರ್ಜಿ ಹಾಕಿಸಿ, ಬ್ಯಾಂಕಿನವರೆಗೆ ಜೊತೆಗೆ ಬರುವುದು ಅವರ ಕೆಲಸ. ಅವರಿಗೆ ಸರ್ಕಾರವೇ ದುಡ್ಡು ಕೊಡುತ್ತದೆ, ನೀವು ಕೊಡಬೇಕಾಗಿಲ್ಲ. ಅಣ್ಣ, ನೀನು ಕೇಳಿದ ‘ಜೋಡಿಸಿ ಕೊಡುವವರು’ ಇವರೇ.

ಬೆಂಗಳೂರು ಅಣ್ಣ: ನೋಡಿದೆ. ಕೇಂದ್ರದ 35, ರಾಜ್ಯದ 15. ಐವತ್ತು ಪರ್ಸೆಂಟ್, 15 ಲಕ್ಷದವರೆಗೆ! ಅರ್ಧ ಫ್ರೀ. ಚಿಕ್ಕಮ್ಮ, ದೊಡ್ಡ ಮಿಷನ್ನೇ ಹಾಕಿ.

ದೊಡ್ಡಪ್ಪ: ಲೋ, ಇಲ್ಲೇ ಎಲ್ಲರೂ ಬೀಳುವುದು. ಸಬ್ಸಿಡಿ ಕೈಗೆ ಬರುವುದಿಲ್ಲ. 10 ಲಕ್ಷದ ಘಟಕ ಅಂದುಕೋ. ಒಂದು ಲಕ್ಷ ಇವಳು ಹಾಕಬೇಕು. 9 ಲಕ್ಷ ಸಾಲ. ಸಬ್ಸಿಡಿ ಬಂದರೂ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷ ಘಟಕ ನಡೆದು, ಕಂತು ಸರಿಯಾಗಿ ಕಟ್ಟಿದ್ದರೆ ಆಗ ಸಾಲಕ್ಕೆ ವಜಾ. ಹೊಸ ಉದ್ಯಮಕ್ಕೆ ಸಬ್ಸಿಡಿ ಕೊಡುವ ಇನ್ನೊಂದು ಕೇಂದ್ರ ಯೋಜನೆ ಪಿಎಂಇಜಿಪಿಯಲ್ಲೂ ಮೂರು ವರ್ಷ ಹೀಗೇ. ನಡುವೆ ಬಾಗಿಲು ಹಾಕಿದರೆ ಸಬ್ಸಿಡಿಯೂ ಇಲ್ಲ, ಸಾಲ ಪೂರ್ತಿ ತಲೆ ಮೇಲೆ. ಸಬ್ಸಿಡಿ ಇಲ್ಲ ಅಂದುಕೊಂಡೇ ಲೆಕ್ಕ ಹಾಕು. ಆಗಲೂ ಗಿಟ್ಟಿದರೆ ಅರ್ಜಿ ಹಾಕು.

ಶಿರಾ ಅತ್ತೆ: ಅಣ್ಣ ಹೇಳಿದ್ದು ಸರಿ. ನಾನೊಂದು ಕೇಳ್ತೀನಿ. ಗಾಣಕ್ಕೆ ಯಾವ ಕೊಬ್ಬರಿ ಹಾಕ್ತೀಯಮ್ಮ?

ತಿಪಟೂರು ಚಿಕ್ಕಮ್ಮ: ನಮ್ಮ ತೋಟದ್ದೇ ಅತ್ತಿಗೆ. ಅಟ್ಟದ ಮೇಲಿದೆಯಲ್ಲ.

ಶಿರಾ ಅತ್ತೆ: ಅದು ಉಂಡೆ ಕೊಬ್ಬರಿ. ವರ್ಷ ಹತ್ತಿರ ಅಟ್ಟದಲ್ಲಿ ಒಣಗಿದ್ದು, ತಿನ್ನುವ ಕೊಬ್ಬರಿ. ತಿಪಟೂರಿಗೆ ಹೆಸರು ಬಂದಿದ್ದೇ ಅದರಿಂದ. ಎಣ್ಣೆಗೆ ಹಾಕುವ ಕೊಬ್ಬರಿ ಬೇರೆ, ಬೆಲೆಯೂ ಕಮ್ಮಿ. 2025ರ ಬೆಂಬಲ ಬೆಲೆಯೇ ನೋಡು: ಉಂಡೆಗೆ ಕ್ವಿಂಟಾಲಿಗೆ 12,100, ಎಣ್ಣೆ ಕೊಬ್ಬರಿಗೆ 11,582. ಮಂಡಿಯಲ್ಲಿ ಆ ವರ್ಷ ಅದಕ್ಕಿಂತ ಎಷ್ಟೋ ಮೇಲೆ ಹೋಯಿತು. 100 ಕೆಜಿ ಆಡಿಸಿದರೆ ಎಣ್ಣೆ 60-65 ಕೆಜಿ. ಬೆಂಬಲ ಬೆಲೆಗೇ ಲೆಕ್ಕ ಹಾಕಿದರೂ ಒಂದು ಕೆಜಿ ಎಣ್ಣೆಗೆ ಸುಮಾರು 190 ರೂಪಾಯಿ ಬರೀ ಸರಕಿಗೆ ಹೋಯಿತು. ಕರೆಂಟು, ಕೂಲಿ, ಬಾಟಲಿ, ಲೇಬಲ್ಲು, ಅಂಗಡಿಯವನ ಪಾಲು ಆಮೇಲೆ. ಹಿಂಡಿ ಮಾರಿದರೆ ಸ್ವಲ್ಪ ಬರುತ್ತೆ ಅನ್ನು.

ಬೆಂಗಳೂರು ಅಣ್ಣ: ಗಾಣದ ಎಣ್ಣೆಗೆ ಇಲ್ಲಿ ಜನ ಎಷ್ಟು ಬೇಕಾದ್ರೂ ಕೊಡ್ತಾರೆ ಅತ್ತೆ. ಪ್ರೀಮಿಯಂ ಅಂತ ಹಾಕಬಹುದು.

ಶಿರಾ ಅತ್ತೆ: ಕೊಡ್ತಾರಪ್ಪ. ಅವರು ಯಾರು? ಅವರ ಮನೆಗೆ ಯಾರು ತಲುಪಿಸ್ತಾರೆ? ನಾನು ಕಡ್ಲೆಬೀಜದ ಚಟ್ನಿಪುಡಿ ಶುರು ಮಾಡಿದಾಗ ಮಾಡುವುದು ಸಲೀಸು, ಮಾರುವುದೇ ಕಷ್ಟ ಆಗಿತ್ತು. ಅಂಗಡಿಯವರು ಇಟ್ಟು ಹೋಗಿ ಅಂತಾರೆ. ದುಡ್ಡು ಅಂದರೆ ಮುಂದಿನ ವಾರ ಅಂತಾರೆ. ನಿನ್ನ 101ರ ಪಟ್ಟಿಯಲ್ಲಿ ಬಾಕಿ ವಸೂಲಿ ಹೇಗೆ ಅಂತ ಇದೆಯಾ?

ಗುಬ್ಬಿ ಮಾವ: ಅಂದ್ರೆ ಯಾರೂ ಏನೂ ಮಾಡಬೇಡಿ ಅಂತ ತಾನೆ? ನಮ್ಮ ಮನೆಯವರು ಹೀಗೇ. ಹೆದರಿಸಿ ಕೂರಿಸುವುದು.

ಶಿರಾ ಅತ್ತೆ: ನಾನು ಮಾಡ್ತಾ ಇಲ್ವಾ ಭಾವ? ಮಾಡು ಅಂತಲೇ ಹೇಳ್ತಿರೋದು. ಒಂದೇ ಸಲ 10 ಲಕ್ಷಕ್ಕೆ ಕೈ ಹಾಕಬೇಡ ಅಂದೆ. ಒಡೆದದ್ದು, ಚೂರಾದದ್ದು, ಉಂಡೆ ದರ ಸಿಗದ್ದನ್ನ ಬೇರೆ ಮಾಡಿ, ಕೂಲಿಗೆ ಗಾಣ ಆಡಿಸಿಕೊಡುವವರ ಹತ್ತಿರ ಆಡಿಸಲಿ. ಎಷ್ಟು ಎಣ್ಣೆ ಇಳೀತು, ಎಷ್ಟು ದಿನದಲ್ಲಿ ಖರ್ಚಾಯಿತು ಬರೆದಿಡಲಿ. ಆ ಪುಸ್ತಕ ಬ್ಯಾಂಕಿನವರಿಗೆ ತೋರಿಸಲಿ.

ದೊಡ್ಡಪ್ಪ: ಆ ಪುಸ್ತಕ ತಂದವರಿಗೆ ನಾನು ಎರಡು ಮಾತಾಡದೆ ಸಾಲ ಕೊಟ್ಟಿದ್ದೇನೆ. ಮತ್ತೆ ನೋಡಮ್ಮ, ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ಆರ್‌ಬಿಐ ನಿಯಮವೇ ಇದೆ. ತೋಟದ ಪತ್ರ ಕೇಳಿದರೆ ಕೊಡಬೇಡ. ತರಬೇತಿ ಬೇಕಾದರೆ ಆರ್‌ಸೆಟಿ ಇದೆ. ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ ಅದು. ಊಟ, ವಸತಿ ಎಲ್ಲ ಉಚಿತ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿ ನೋಡಿಯೇ ದೇಶಕ್ಕೆಲ್ಲ ಮಾಡಿದ್ದು.

ಬೆಂಗಳೂರು ಅಣ್ಣ: ಅಪ್ಪ, ಉಚಿತ ಉಚಿತ ಅಂತೀರಿ. ನನ್ನ ಫ್ರೆಂಡ್ ಒಂದು ಕಚೇರಿಗೆ ಹೋಗಿ ಹೋಗಿ ಸಾಕಾದ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ. ಆ ಓಡಾಟದ ಖರ್ಚು ಲೆಕ್ಕ ಹಾಕಿದರೆ?

ಶಿರಾ ಅತ್ತೆ: ಅದು ನಿಜ ಕಣೋ. ನನಗೂ ಹಾಗೇ ಆಗಿದೆ. ಫೋನ್ ಮಾಡಿ, ಇದ್ದಾರಾ ಅಂತ ಕೇಳಿಕೊಂಡೇ ಹೋಗಬೇಕು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಕೇಳಿ ತಗೋಬೇಕು. ಆದರೆ 2,499 ಕೊಟ್ಟವರೂ ಅದೇ ಬಾಗಿಲಿಗೇ ಹೋಗಬೇಕು. ಪಟ್ಟಿ ಮಾರಿದವನು ನಿನ್ನ ಬದಲು ಬಂದು ನಿಲ್ತಾನಾ?

(ಇದಕ್ಕೆ ಅಣ್ಣ ಬರೀ ಹೆಬ್ಬೆಟ್ಟು ಒತ್ತಿದ.)

ತಿಪಟೂರು ಚಿಕ್ಕಮ್ಮ: ಇನ್ನೊಂದು. ಫೋನ್‌ಪೇ ಹಾಕಿಸಬೇಡ, ಜಿಎಸ್‌ಟಿ ನೋಟಿಸ್ ಬರುತ್ತೆ ಅಂತ ಪಕ್ಕದ ಬೇಕರಿಯವರು ಹೆದರಿಸಿದರು.

ನಾನು: 2025ರ ಜುಲೈನಲ್ಲಿ ನೋಟಿಸ್ ಬಂದಿದ್ದು ನಿಜ. ಯುಪಿಐ ಲೆಕ್ಕ ನೋಡಿ ಕಳಿಸಿದ್ದರು. ಆದರೆ ಸರಕು ಮಾರುವವರಿಗೆ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದಾಗ. ಕ್ಯಾಶ್ ತಗೊಂಡರೂ ಲೆಕ್ಕ ಅದೇ. ಸ್ಕ್ಯಾನರ್ ಕಿತ್ತು ಹಾಕಿದರೆ ಏನೂ ಬದಲಾಗಲ್ಲ. ಅಂಗಡಿ ದುಡ್ಡಿಗೆ ಬೇರೆ ಖಾತೆ ತೆಗೀರಿ. ಮನೆ ಚೀಟಿ ದುಡ್ಡು, ಮಗನ ಫೀಸು ಎಲ್ಲ ಒಂದೇ ಖಾತೆಗೆ ಬಂದರೆ ಆಮೇಲೆ ಬಿಡಿಸಿ ತೋರಿಸುವುದು ನಮಗೇ ತಲೆನೋವು. ಬಾಟಲಿ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಬೇಕು, ಅದನ್ನ ನಾನೇ ಕೂತು ಹಾಕಿಕೊಡ್ತೀನಿ.

ದೊಡ್ಡಪ್ಪ: ಕೋನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ನಿಮ್ಮ ತಾಲ್ಲೂಕಿನಲ್ಲೇ ಇದೆ. ಎಣ್ಣೆ ಬಿಟ್ಟು ತೆಂಗಿನಲ್ಲಿ ಬೇರೆ ಏನು ಮಾಡಬಹುದು ಅಂತ ಮೊದಲು ಅಲ್ಲಿ ಕೇಳು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಆಹಾರ ತಯಾರಿಕೆಯ ತರಬೇತಿ ಕೊಡುತ್ತಾರೆ.

ಗುಬ್ಬಿ ಮಾವ: ಆಯ್ತು. ಇನ್ಮೇಲೆ ಈ ಗುಂಪಿಗೆ ನಾನು ಏನೂ ಹಾಕಲ್ಲ.

ತಿಪಟೂರು ಚಿಕ್ಕಮ್ಮ: ಅಯ್ಯೋ ಬೇಜಾರು ಮಾಡ್ಕೋಬೇಡಿ ಅಣ್ಣ. ನೀವು ಹಾಕಿದ್ದಕ್ಕೆ ತಾನೆ ಇಷ್ಟು ಮಾತು ಬಂತು. ಗುಬ್ಬಿಯಲ್ಲಿ ನಿಮಗೆ ಅಂಗಡಿಯವರೆಲ್ಲ ಪರಿಚಯ. ಮೊದಲ ಎಣ್ಣೆ ನಿಮ್ಮ ಕಡೆಯಿಂದಲೇ ಮಾರಿಸಿ.

ಗುಬ್ಬಿ ಮಾವ: ಲೀಟರಿಗೆ ಎಷ್ಟು ಅಂತ ಮೊದಲು ಹೇಳು. ಸಾಲಕ್ಕೆ ಮಾತ್ರ ಕೊಡಲ್ಲ ಅಂತ ನಾನೇ ಅವರಿಗೆ ಹೇಳ್ತೀನಿ.

ಶಿರಾ ಅತ್ತೆ: ದರ ಈಗಲೇ ಹೇಳಬೇಡಮ್ಮ. ಆಡಿಸಿ ನೋಡಿದ ಮೇಲೆ ಹೇಳು.