ಹೆತ್ತವರು ಕೇರುಂಗ್ ದಾರಿಯಾಗಿ ಮಾನಸ ಸರೋವರಕ್ಕೆ ಹೊರಟಿದ್ದಾರೆ: ಅಲ್ಲಿನ ಅಪಾಯದ ಸುದ್ದಿ ತಿಳಿಯುವುದು ಹೇಗೆ?

ಸುಮಂಗಲಾ, ಮೈಸೂರು

ನಮ್ಮ ತಂದೆಯವರಿಗೆ 68 ವರ್ಷ, ತಾಯಿಯವರಿಗೆ 63. ಬಡಾವಣೆಯ ಭಜನಾ ಮಂಡಳಿಯವರೊಂದಿಗೆ ಆಗಸ್ಟ್ ಕೊನೆಯಲ್ಲಿ ಕಠ್ಮಂಡುವಿಗೆ ಹೋಗಿ, ಪಶುಪತಿನಾಥನ ದರ್ಶನ ಮುಗಿಸಿಕೊಂಡು, ನೇಪಾಳದ ರಸುವಾಗಢಿಯಲ್ಲಿ ಗಡಿ ದಾಟಿ ಟಿಬೆಟ್‌ನ ಕೇರುಂಗ್ ಮೂಲಕ ಮಾನಸ ಸರೋವರಕ್ಕೆ ಹೋಗುವವರಿದ್ದಾರೆ. 2025ರ ಜುಲೈ 8ರಂದು ಇದೇ ರಸುವಾಗಢಿಯ ಗಡಿ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋದ ಸುದ್ದಿಯನ್ನು ಓದಿದಂದಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಪ್ರವಾಸದ ಏಜೆಂಟರನ್ನು ಕೇಳಿದರೆ ‘ಏನೂ ಆಗುವುದಿಲ್ಲ, ಧೈರ್ಯವಾಗಿರಿ’ ಎನ್ನುತ್ತಾರೆಯೇ ಹೊರತು ಬೇರೇನನ್ನೂ ಹೇಳುವುದಿಲ್ಲ. ಯಾತ್ರೆಯನ್ನು ತಪ್ಪಿಸುವ ಉದ್ದೇಶ ನನಗಿಲ್ಲ; ಅವರಿಬ್ಬರ ಬಹುಕಾಲದ ಆಸೆಯದು. ಹೊರಡುವ ಮುನ್ನ ಮತ್ತು ಅವರು ಅಲ್ಲಿರುವಾಗ ಯಾವ ಮೂಲದ ಮಾತನ್ನು ನಂಬಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಿ.

ರಾಘವೇಂದ್ರ, ಶಿವಮೊಗ್ಗ

2025ರ ಸೆಪ್ಟೆಂಬರಿನಲ್ಲಿ ನಾನು ಮತ್ತು ನನ್ನ ಪತ್ನಿ ಕಠ್ಮಂಡುವಿನ ಠಮೇಲ್‌ನಲ್ಲಿದ್ದೆವು. 4ರಂದು ಅಲ್ಲಿನ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ಮುಚ್ಚಲು ಆದೇಶಿಸಿತು. ಆ ಪಟ್ಟಿಯಲ್ಲಿ ವಾಟ್ಸಾಪ್ ಕೂಡ ಇತ್ತು. 8ರಂದು ಯುವಕರ ಪ್ರತಿಭಟನೆಯ ಮೇಲೆ ಗುಂಡು ಹಾರಿತು, 9ರಂದು ಸರ್ಕಾರದ ಮುಖ್ಯ ಕಚೇರಿಗಳಿರುವ ಸಿಂಹ ದರ್ಬಾರ್ ಹೊತ್ತಿ ಉರಿಯಿತು, ವಿಮಾನ ನಿಲ್ದಾಣವನ್ನು ಮುಚ್ಚಿದರು. ನಮ್ಮ ತಂಡದ ಸಂಪರ್ಕವೆಲ್ಲ ಒಂದೇ ವಾಟ್ಸಾಪ್ ಗುಂಪಿನಲ್ಲಿತ್ತು ಎಂಬುದರ ಅಪಾಯ ಆಗಲೇ ಅರ್ಥವಾದದ್ದು. ನಮ್ಮನ್ನು ಕಾಪಾಡಿದ್ದು ಪತ್ನಿ ಕುಂಕುಮದ ಡಬ್ಬಿಯ ಜೊತೆಗಿಟ್ಟುಕೊಂಡಿದ್ದ ಅಂಗೈಯಗಲದ ಪುಸ್ತಕ: ಅದರಲ್ಲಿ ವಸತಿಗೃಹದ ಸ್ಥಿರ ದೂರವಾಣಿ, ಭಾರತೀಯ ರಾಯಭಾರ ಕಚೇರಿ ಮತ್ತು ನನ್ನ ತಂಗಿಯ ಸಂಖ್ಯೆಗಳನ್ನು ಪೆನ್ನಿನಲ್ಲಿ ಬರೆದಿಟ್ಟಿದ್ದಳು. ತಂಗಿ ಊರಿನಿಂದ ವಸತಿಗೃಹಕ್ಕೇ ಕರೆ ಮಾಡಿ ಮಾತನಾಡಿದಳು. ಕರ್ಫ್ಯೂ ಸಡಿಲವಾಗುವ ಹೊತ್ತನ್ನು ವಸತಿಗೃಹದ ಯಜಮಾನರು ರೇಡಿಯೋ ಕೇಳಿ, ನಮಗೆ ಹಿಂದಿಯಲ್ಲಿ ಹೇಳುತ್ತಿದ್ದರು. ನಮ್ಮ ಟಿ.ವಿ.ಯವರು ಒಂದೇ ಬೆಂಕಿಯ ದೃಶ್ಯವನ್ನು ದಿನವಿಡೀ ತೋರಿಸಿ ಊರಿನವರನ್ನು ಹೆದರಿಸಿದ್ದು ಬಿಟ್ಟರೆ, ನಮ್ಮ ಬೀದಿಯಲ್ಲಿ ಏನಾಗುತ್ತಿದೆ ಎಂಬುದು ಅದರಿಂದ ಯಾರಿಗೂ ತಿಳಿಯಲಿಲ್ಲ. ನಿಲ್ದಾಣ ಮತ್ತೆ ತೆರೆದದ್ದು 10ರ ಸಂಜೆ.

ಆದ್ದರಿಂದ ವಿದೇಶಾಂಗ ಸಚಿವಾಲಯದ ಮತ್ತು ಕಠ್ಮಂಡುವಿನ ರಾಯಭಾರ ಕಚೇರಿಯ ಸೂಚನೆಗಳನ್ನು ನೀವೇ ಮೈಸೂರಿನಲ್ಲಿ ಕುಳಿತು ದಿನಕ್ಕೆ ಎರಡು ಬಾರಿ ನೋಡಿರಿ. ನೇಪಾಳದ ಪ್ರವಾಸಿ ಪೊಲೀಸರ ಸಂಖ್ಯೆ 1144. ಅದನ್ನೂ ತಂದೆಯವರಿಗೆ ಬರೆದುಕೊಡಿ.

ವಸಂತಾ, ಬೆಂಗಳೂರು

ರಾಘವೇಂದ್ರ ಅವರ ಮಾತಿಗೆ ಒಂದು ಮುಖ್ಯವಾದ ವಿಷಯವನ್ನು ಸೇರಿಸಬೇಕು. ರಸುವಾಗಢಿಯಲ್ಲಿ ಗಡಿ ದಾಟಿದ ಕ್ಷಣದಿಂದ ನಿಮ್ಮ ಹೆತ್ತವರು ಚೀನಾದ ಆಡಳಿತದಲ್ಲಿರುತ್ತಾರೆ. ಅಲ್ಲಿಂದ ಮುಂದೆ ಅವರ ಹೊಣೆ ಕಠ್ಮಂಡುವಿನದಲ್ಲ, ಬೀಜಿಂಗಿನ ನಮ್ಮ ರಾಯಭಾರ ಕಚೇರಿಯದು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುತ್ತದೆ. ಸ್ಥಳೀಯ ಇಂಟರ್ನೆಟ್ಟಿನಲ್ಲಿ ವಾಟ್ಸಾಪ್ ಮತ್ತು ಗೂಗಲ್ ತೆರೆಯುವುದಿಲ್ಲ. ಭಾರತದ ಸಿಮ್ಮಿಗೆ ರೋಮಿಂಗ್ ಹಾಕಿಸಿಕೊಂಡರೆ ಸಾಮಾನ್ಯವಾಗಿ ತೆರೆಯುತ್ತವೆ.

ನಮ್ಮ ತಂಡದಲ್ಲಿ ಒಬ್ಬ ಹಿರಿಯರಿಗೆ ಎತ್ತರದ ಕಾರಣದಿಂದ ಉಸಿರಾಟದ ತೊಂದರೆಯಾದಾಗ, ಅವರನ್ನು ಕೆಳಗಿಳಿಸುವುದಕ್ಕಿಂತ ಕಷ್ಟವಾದದ್ದು ಕಾಗದದ ಕೆಲಸ. ಯಾತ್ರಿಕರಿಗೆ ಇಡೀ ತಂಡದ ಹೆಸರಿನಲ್ಲಿ ಒಂದೇ ಗುಂಪು ವೀಸಾ ಇರುವುದರಿಂದ, ಒಬ್ಬರು ಮೊದಲೇ ಹಿಂತಿರುಗಬೇಕಾದರೆ ಅವರ ಹೆಸರನ್ನು ಅದರಿಂದ ಬೇರ್ಪಡಿಸಬೇಕು. ಆ ವೀಸಾದ ಪ್ರತಿಯನ್ನು ಏಜೆಂಟರಿಂದ ಮೊದಲೇ ಪಡೆದು ನಿಮ್ಮ ಬಳಿ ಇಟ್ಟುಕೊಳ್ಳಿ. ಸರೋವರವೇ ಸುಮಾರು 4,590 ಮೀಟರ್ ಎತ್ತರದಲ್ಲಿದೆ, ಕೈಲಾಸ ಪರಿಕ್ರಮದ ದಾರಿಯಲ್ಲಿರುವ ಡೋಲ್ಮಾ ಲಾ ಕಣಿವೆಮಾರ್ಗ 5,600 ಮೀಟರ್ ದಾಟುತ್ತದೆ. ವಿಮೆಯ ಪಾಲಿಸಿ ಎಷ್ಟು ಎತ್ತರದವರೆಗೆ ಅನ್ವಯಿಸುತ್ತದೆ ಎಂಬುದನ್ನೂ ಓದಿ ನೋಡಿ.

ಗಂಗಾಧರ, ಹುಬ್ಬಳ್ಳಿ

ಹವಾಮಾನದ ಮುನ್ಸೂಚನೆಯನ್ನು ನೋಡಿದರೆ ಸಾಕು ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರಸುವಾಗಢಿಯ ಪ್ರವಾಹ ಅಲ್ಲಿ ಸುರಿದ ಮಳೆಯಿಂದ ಬಂದದ್ದಲ್ಲ. ಟಿಬೆಟ್ ಬದಿಯಲ್ಲಿ ಹಿಮನದಿಯ ಮೇಲಿದ್ದ ಕೆರೆ ಖಾಲಿಯಾಗಿ, ಭೋಟೆಕೋಶಿ ನದಿ ನಸುಕಿನಲ್ಲಿ ಉಕ್ಕಿತು. ಆದಕಾರಣ ನದಿಯ ದಡದಲ್ಲಿ ರಾತ್ರಿ ತಂಗಬೇಡಿರೆಂದು ಹೇಳುವುದೇ ಹೆಚ್ಚು ಉಪಯುಕ್ತ.

2018ರ ಜುಲೈನಲ್ಲಿ ಮಾನಸ ಸರೋವರದ ಇನ್ನೊಂದು ದಾರಿಯಲ್ಲಿರುವ ನೇಪಾಳದ ಸಿಮಿಕೋಟ್ ಮತ್ತು ಹಿಲ್ಸಾಗಳಲ್ಲಿ ಮೋಡ ಕವಿದು ಸಣ್ಣ ವಿಮಾನಗಳು ನಿಂತಾಗ ನೂರಾರು ಭಾರತೀಯ ಯಾತ್ರಿಕರು ಸಿಕ್ಕಿಬಿದ್ದಿದ್ದರು. ಅವರಲ್ಲಿ ನಮ್ಮ ರಾಜ್ಯದವರೂ ಬಹಳ ಮಂದಿ ಇದ್ದರು. ಆಗ ರಾಯಭಾರ ಕಚೇರಿ ಕನ್ನಡದಲ್ಲಿ ಮಾತನಾಡುವವರ ಸಹಾಯವಾಣಿಯನ್ನೂ ತೆರೆದಿತ್ತು. ಹಿಂದಿ ಬಾರದ ತಾಯಂದಿರಿಗೆ ಅದೆಷ್ಟು ಆಸರೆಯೆಂಬುದನ್ನು ನಾನು ಬಲ್ಲೆ, ಏಕೆಂದರೆ ನನ್ನ ಅತ್ತಿಗೆ ಆಗ ಸಿಮಿಕೋಟ್‌ನಲ್ಲಿದ್ದರು. ಹಿಂತಿರುಗುವ ವಿಮಾನಕ್ಕೆ ಮುನ್ನ ಎರಡು-ಮೂರು ದಿನ ಬಿಡುವಿರಲಿ, ಮತ್ತು ಆ ದಿನಗಳಿಗೆ ಸಾಕಾಗುವಷ್ಟು ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳೂ ಕೈಚೀಲದಲ್ಲಿರಲಿ.

ಸುಮಂಗಲಾ, ಮೈಸೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗುಂಪು ವೀಸಾದ ಪ್ರತಿಯನ್ನು ಇಂದೇ ಕೇಳಿದ್ದೇನೆ, ಬಂದ ಕೂಡಲೇ ಕಳುಹಿಸುವುದಾಗಿ ಒಪ್ಪಿದ್ದಾರೆ. ಅಮ್ಮ ತಮ್ಮ ದೇವರನಾಮದ ಪುಸ್ತಕದ ಕೊನೆಯ ಹಾಳೆಯಲ್ಲಿ ಸಂಖ್ಯೆಗಳನ್ನು ಬರೆದುಕೊಳ್ಳುತ್ತಿದ್ದಾರೆ. ವಸಂತಾ ಅವರೇ, ವೀಸಾದಿಂದ ಹೆಸರನ್ನು ಬೇರ್ಪಡಿಸಲು ನಿಮ್ಮ ತಂಡಕ್ಕೆ ಎಷ್ಟು ದಿನ ಹಿಡಿಯಿತು ಎಂಬುದನ್ನು ತಿಳಿಸುವಿರಾ?

ವಸಂತಾ, ಬೆಂಗಳೂರು

ಒಂದು ಪೂರ್ತಿ ದಿನ ಹಿಡಿಯಿತು. ಆ ಹಿರಿಯರ ಪಾಸ್‌ಪೋರ್ಟ್ ಅವರ ಕೈಯಲ್ಲಿರದೆ ತಂಡದ ಮುಖ್ಯಸ್ಥರ ಚೀಲದಲ್ಲಿ ಮುಂದಿನ ಶಿಬಿರಕ್ಕೆ ಹೋಗಿಬಿಟ್ಟಿತ್ತು. ನಿಮ್ಮ ತಂದೆ-ತಾಯಿಯವರ ಪಾಸ್‌ಪೋರ್ಟ್ ಅವರ ಬಳಿಯೇ ಇರಲಿ.